ಬೇಲೂರು ಎಲ್ಲಿಗೂ ಹೋಗುವುದಿಲ್ಲ, ಮೇಷ್ಟ್ರೇ

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಂಡಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ. ಹಾಸನದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ನೀಲಿ ಇಂಕು, ಒಂದು ಕಡೆಯೂ ಹೊಡೆದುಹಾಕಿಲ್ಲ, ಮಾರ್ಜಿನ್ ಬಿಟ್ಟು ಬರೆದ ದುಂಡು ಅಕ್ಷರ. ಅಂಥ ಕಾಗದ ಬಂದರೆ ನನಗೆ ಎರಡು ದಿನ ಬೇರೆ ಕೆಲಸ ಸಾಗುವುದಿಲ್ಲ.

ವಿಷಯ ಇಷ್ಟು. ದಸರಾ ರಜೆಗೆ ಬೆಂಗಳೂರಿನಿಂದ ಮಗ, ಸೊಸೆ, ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ಐದು ಮೊಮ್ಮಕ್ಕಳು ನಾಲ್ಕು ದಿನಕ್ಕೆ ಬಂದರು. ಮೇಷ್ಟ್ರು ಒಂದು ತಿಂಗಳ ಮುಂಚೆಯೇ ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದರು. ಮೂರನೇ ದಿನ ಬೇಲೂರು, ಹಳೇಬೀಡು. ಮೊಮ್ಮಕ್ಕಳಿಗೆ ಹೊಯ್ಸಳರ ಬಗ್ಗೆ ಎರಡು ಪುಟ ಟಿಪ್ಪಣಿ ಬರೆದು ಜೆರಾಕ್ಸ್ ಕೂಡ ಮಾಡಿಸಿದ್ದರು. ಬೆಳಗಿನ ಜಾವ ಶುರುವಾದ ಮಳೆ ಹತ್ತು ಗಂಟೆಯಾದರೂ ಬಿಡಲಿಲ್ಲ. ಆಗ ಕಿರಿಯ ಅಳಿಯ, "ಮಾವ, ಈ ಮಳೇಲಿ ಮಕ್ಕಳು ನೆನೆದರೆ ಜ್ವರ ಗ್ಯಾರಂಟಿ, ಇವತ್ತು ಎಲ್ಲರೂ ಪಿಕ್ಚರ್‌ಗೆ ಹೋಗೋಣ" ಅಂದರಂತೆ. ಬೇಲೂರಿಗೆ ಅಂತ ಬಂದ ಗಾಡಿ ಹದಿಮೂರು ಜನರನ್ನು ಹೊತ್ತುಕೊಂಡು ಥಿಯೇಟರ್‌ಗೆ ಹೋಯಿತು. ಗೂಢಚಾರನ ಪಿಕ್ಚರ್. ದಾರಿಗೆ ಅಂತ ಕಟ್ಟಿಸಿದ ಪುಳಿಯೋಗರೆಯನ್ನು ಥಿಯೇಟರ್ ಮುಂದೆ ಗಾಡಿಯೊಳಗೇ ಕೂತು ತಿಂದರು. ಮಾರನೇ ದಿನ ಎಲ್ಲರೂ ಬೆಂಗಳೂರಿಗೆ ಹೊರಟರು.

ಮೇಷ್ಟ್ರು ಕೇಳುತ್ತಾರೆ: "ಒಂಬೈನೂರು ವರ್ಷದ ಶಿಲ್ಪ ಬಿಟ್ಟು ಮೂರು ಗಂಟೆ ಗುಂಡಿನ ಸದ್ದು ಕೇಳಿಸುವುದು ರಜೆಯೇ? ಈ ಗೂಢಚಾರರ ಕಥೆ ನಮ್ಮ ನೆಲದ್ದಲ್ಲ, ನಮ್ಮ ಮಕ್ಕಳಿಗೆ ಬೇಕಾದ್ದೂ ಅಲ್ಲ. ಸಂಪಾದಕರಾದ ನೀವು ಇಂಥವರಿಗೆ ನಾಲ್ಕು ಮಾತು ಹೇಳಬೇಕು." ಕೊನೆಗೆ, ಸಹಿಯ ಕೆಳಗೆ ಇನ್ನೊಂದು ಸಾಲು: "ಕಾರುಗಳು ಅಟ್ಟಿಸಿಕೊಂಡು ಬರುವಾಗ ಕೊನೇ ಮೊಮ್ಮಗಳು ಹೆದರಿ ನನ್ನ ತೋಳು ಹಿಡಿದವಳು ಪಿಕ್ಚರ್ ಮುಗಿಯುವವರೆಗೂ ಬಿಡಲಿಲ್ಲ."

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ನ್ಯಾಯ ಇರುವಷ್ಟನ್ನು ಮೊದಲು ಒಪ್ಪಿಬಿಡುತ್ತೇನೆ. ಬೇಲೂರು ನೋಡಲೇಬೇಕು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿ ಅಜ್ಜನ ಮನೆಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದ್ದೂ ನೋಡದೆ ಬೆಳೆದರೆ ನಷ್ಟ ಮಕ್ಕಳಿಗೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಮ್ಮ ಆಫೀಸಿನಲ್ಲಿ ಮೈಸೂರುಪಾಕು ಹಂಚಿದವನು ನಾನು. ಇಷ್ಟು ಹೇಳಿ ನಿಮ್ಮ ಅಳಿಯನ ಪಕ್ಕ ಬಂದು ನಿಲ್ಲುತ್ತೇನೆ.

ನಮ್ಮ ನೆಲದ್ದಲ್ಲ ಅಂದಿರಲ್ಲ, ಆ ಮಾತು ನನಗೆ ಚುಚ್ಚಿತು. ನಿಮ್ಮದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಸಂಗೀತಗಾರರ ಊರು ಅಂತ ಎಲ್ಲರಿಗೂ ಗೊತ್ತು. ಆರ್. ಶಾಮಶಾಸ್ತ್ರಿಗಳು ಹುಟ್ಟಿದ್ದೂ ಆ ಊರಿನಲ್ಲೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಾಗ, 1905ರಲ್ಲಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಅವರು. ಹೆಸರು ಮಾತ್ರ ಉಳಿದು ಪುಸ್ತಕ ಕಳೆದೇಹೋಯಿತು ಅಂತ ಜಗತ್ತು ತಿಳಿದಿತ್ತು. 1909ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸಿದರು. ಆ ಪುಸ್ತಕ ಶುರುವಾಗಿ ಹತ್ತು ಅಧ್ಯಾಯ ದಾಟುವಷ್ಟರಲ್ಲಿ ಏನು ಬರುತ್ತೆ ಗೊತ್ತಾ? ಗೂಢಚಾರರು. ಯಾರನ್ನು ಆರಿಸಬೇಕು, ಯಾವ ವೇಷ ಹಾಕಿಸಬೇಕು, ಒಬ್ಬರಿಗೊಬ್ಬರ ಗುರುತು ಸಿಗದ ಹಾಗೆ ಹೇಗೆ ಇಡಬೇಕು, ಎಲ್ಲ ಇದೆ.

ಕೌಟಿಲ್ಯನ ಗೂಢಚಾರ ಕೋಟು ಹಾಕಿಕೊಂಡು ಓಡಾಡುವವನಲ್ಲ. ಬೇಸಾಯ ಕೆಟ್ಟ ರೈತ, ವ್ಯಾಪಾರ ಕೆಟ್ಟ ವರ್ತಕ, ಜಡೆಬಿಟ್ಟ ಸನ್ಯಾಸಿ, ವಿದ್ಯಾರ್ಥಿಯ ಸೋಗಿನವನು, ಭಿಕ್ಷೆ ಬೇಡುವ ಹೆಂಗಸು. ಸಂತೆಯಲ್ಲಿ ನಮ್ಮ ಪಕ್ಕ ನಿಂತು ಹುರುಳಿಕಾಯಿ ಚೌಕಾಸಿ ಮಾಡುವಂಥವರು. ಇನ್ನೊಂದು ಮಾತಿದೆ: ಬೇರೆಬೇರೆ ಮೂರು ಕಡೆಯಿಂದ ಬಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ನಂಬು. ನಮ್ಮ ಪತ್ರಿಕೆಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಹೇಳುವುದು ಇದನ್ನೇ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಹತ್ತು ಜನಕ್ಕೆ ದಾಟಿಸುವ ಈ ಕಾಲದಲ್ಲಿ ಮಕ್ಕಳಿಗೆ ಇದಕ್ಕಿಂತ ಬೇಕಾದ ಪಾಠ ಯಾವುದಿದೆ ಹೇಳಿ.

ಪಿಕ್ಚರಿನಲ್ಲಿ ಉಪಗ್ರಹ ಬಂದಿರಬೇಕು, ಇಂಥ ಪಿಕ್ಚರಿನಲ್ಲಿ ಬರದೇ ಇರುವುದಿಲ್ಲ. ನಿಮ್ಮ ಊರಿನ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಇನ್ಸಾಟ್, ಜಿಸ್ಯಾಟ್‌ಗಳನ್ನು ನೋಡಿಕೊಳ್ಳುವವರು ಅಲ್ಲಿ ಕೂತಿದ್ದಾರೆ. ಅದು ಗೂಢಚಾರಿಕೆಯ ಜಾಗವಲ್ಲ, ಟಿವಿ, ಫೋನು, ಹವಾಮಾನದ ಉಪಗ್ರಹಗಳ ಜಾಗ. ಆದರೂ ಥಿಯೇಟರಿನಿಂದ ಮನೆಗೆ ಬರುವಾಗ ಆ ಕಡೆ ಕೈತೋರಿಸಿ, "ನೋಡ್ರೋ, ಪಿಕ್ಚರಿನಲ್ಲಿ ಕಂಡದ್ದನ್ನು ನಡೆಸೋರು ನಮ್ಮೂರಲ್ಲೇ ಇದ್ದಾರೆ" ಅಂದಿದ್ದರೆ ಆ ಐದು ಮುಖಗಳು ಹೇಗೆ ಅರಳುತ್ತಿದ್ದವು!

ಕನ್ನಡ ತೆರೆಗೂ ಗೂಢಚಾರ ಹೊಸಬನಲ್ಲ. ಭಾರತ ಸರ್ಕಾರ ಹೊರದೇಶಗಳ ಗುಪ್ತಚರ ಕೆಲಸಕ್ಕೆ 'ರಾ' ಸಂಸ್ಥೆ ಕಟ್ಟಿದ್ದು 1968ರಲ್ಲಿ. ಅದೇ 1968ರಲ್ಲಿ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿ 'ಜೇಡರ ಬಲೆ' ತೆಗೆದರು. ಹತ್ತು ವರ್ಷದಲ್ಲಿ ಅಂಥವು ನಾಲ್ಕು ಬಂದವು, ಕೊನೆಯದು 1978ರ 'ಆಪರೇಷನ್ ಡೈಮಂಡ್ ರಾಕೆಟ್'.

ಆ ನಾಲ್ಕನೆಯದನ್ನು ನಾನು ನೋಡಿದ್ದು ಮುಂದಿನ ಬೇಸಿಗೆ ರಜೆಯಲ್ಲಿ. ಆ ದಿನದ್ದು ಸ್ವಲ್ಪ ಹೇಳಬೇಕು. ನಮ್ಮದು ಚಿಕ್ಕಮಗಳೂರಿನ ಹತ್ತಿರ ಸಣ್ಣ ಕಾಫಿ ತೋಟ. ಅತ್ತೆಯಂದಿರು, ಅವರ ಮಕ್ಕಳು ಎಲ್ಲ ಸೇರಿದ್ದರು. ಆ ವರ್ಷ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ತಡವಾಗಿತ್ತು. ಹೂಮಳೆ ತಡವಾದರೆ ತೋಟದ ಮನೆ ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಪ್ಪ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಆಕಾಶ ನೋಡುವುದು, ಒಳಗೆ ಬಂದು ಕಾಫಿ ಕುಡಿಯುವುದು, ಮತ್ತೆ ಹೋಗಿ ಕೂರುವುದು. ಮಕ್ಕಳು ಗಟ್ಟಿಯಾಗಿ ನಕ್ಕರೂ ಅಮ್ಮ ಬಾಯಿ ಮುಚ್ಚಿಸುತ್ತಿದ್ದರು. ಕೊನೆಗೆ ಚಿಕ್ಕಪ್ಪ ತಡೆಯಲಾರದೆ ಜೀಪು ತೆಗೆದು, "ಎಲ್ಲರೂ ಹತ್ತಿ, ಪಿಕ್ಚರ್‌ಗೆ" ಅಂದರು. ಅಜ್ಜಿ ಕೋಡುಬಳೆ ಡಬ್ಬಿ ಹಿಡಿದು ಮುಂದೆ ಕೂತರು. ಅಪ್ಪ ಬರುವುದಿಲ್ಲ ಅಂದವರು ಜೀಪು ಗೇಟು ದಾಟುವಾಗ ಓಡಿ ಬಂದು ಹಿಂದೆ ನಮ್ಮ ಜೊತೆ ಹತ್ತಿದರು. ಥಿಯೇಟರಿನಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡು ಶುರು ಮಾಡಿದಾಗ ಇಡೀ ಹಾಲ್ ಎದ್ದು ಕೂಗಿತು, ಇಂಗ್ಲಿಷಿನ ಒಂದಕ್ಷರ ಬಾರದ ಅಜ್ಜಿ ತೊಡೆ ತಟ್ಟಿ ತಾಳ ಹಾಕಿದರು, ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಅಪ್ಪ ನಗುತ್ತಿದ್ದರು. ಮಳೆ ಆ ವಾರವೂ ಬರಲಿಲ್ಲ. ಆದರೆ ಮಾರನೇ ದಿನದಿಂದ ಅಪ್ಪ ನಮ್ಮ ಜೊತೆ ಊಟಕ್ಕೆ ಕೂತರು.

ಆಮೇಲೆ ರಜೆ ಮುಗಿಯುವವರೆಗೂ ನಮ್ಮದು ಒಂದೇ ಆಟ. ಕಾಫಿ ಒಣಹಾಕುವ ಕಣವೇ ನಮ್ಮ ಗುಪ್ತ ಆಫೀಸು. ನಿಂಬೆರಸದಲ್ಲಿ ಕಡ್ಡಿ ಅದ್ದಿ ಕಾಗದದ ಮೇಲೆ ಬರೆದರೆ ಒಣಗಿದ ಮೇಲೆ ಏನೂ ಕಾಣುವುದಿಲ್ಲ, ಬುಡ್ಡಿದೀಪದ ಕಾವಿಗೆ ಹಿಡಿದರೆ ಅಕ್ಷರ ಕಂದು ಬಣ್ಣಕ್ಕೆ ತಿರುಗಿ ಎದ್ದು ಬರುತ್ತೆ. ಅದನ್ನು ಅತ್ತೆಯ ಮಗ ಕಲಿಸಿದ. ಸ್ಕೂಲಿನಲ್ಲಿ ಪ್ರಬಂಧ ಅಂದರೆ ಅಳುತ್ತಿದ್ದ ನಾನು ದಿನಕ್ಕೆ ಹತ್ತು ಗುಪ್ತ ಪತ್ರ ಬರೆದೆ. ಕಡಿಮೆ ಮಾತಿನಲ್ಲಿ ಜಾಸ್ತಿ ಹೇಳಬೇಕು, ಯಾಕೆಂದರೆ ನಿಂಬೆಹಣ್ಣು ಅಜ್ಜಿಯ ಲೆಕ್ಕದಲ್ಲಿತ್ತು. ನಾನು ಬರವಣಿಗೆಗೆ ಬಂದದ್ದು ಆ ಕಣದಿಂದ ಮೇಷ್ಟ್ರೇ, ಇದನ್ನು ಮನಸ್ಸು ತುಂಬಿ ಹೇಳುತ್ತಿದ್ದೇನೆ.

ಓದಿಗೆ ಬಂದದ್ದೂ ಹಾಗೆಯೇ. ಚಿಕ್ಕಮಗಳೂರಿನಲ್ಲೇ ಹುಟ್ಟಿದ ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು. ಪತ್ತೇದಾರ ಪುರುಷೋತ್ತಮನನ್ನು ಹುಟ್ಟುಹಾಕಿ 500ಕ್ಕೂ ಜಾಸ್ತಿ ಕಾದಂಬರಿ ಬರೆದರು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ಅವರ ಪುಸ್ತಕಗಳ ರಟ್ಟು ಕಿತ್ತುಹೋಗಿ, ಕೊನೇ ಪುಟ ಯಾರೋ ಹರಿದುಕೊಂಡು, ಕೊಲೆಗಾರ ಯಾರು ಅಂತ ಗೊತ್ತಾಗದೆ ನಾವು ಒದ್ದಾಡಿದ್ದೇವೆ. ಒಂದು ತಲೆಮಾರಿಗೆ ಕನ್ನಡ ಓದುವ ರುಚಿ ಹತ್ತಿಸಿದವರು ಅವರು. ಸಾಹಿತ್ಯ ಚರಿತ್ರೆ ಬರೆಯುವವರು ಅವರಿಗೆ ಅರ್ಧ ಪುಟ ಕೊಡಲೂ ಹಿಂದೆಮುಂದೆ ನೋಡುತ್ತಾರೆ, ಅದು ನನಗೆ ಇವತ್ತಿಗೂ ಸಿಟ್ಟಿನ ವಿಷಯ. ಮೂಡಿಗೆರೆಯ ತೇಜಸ್ವಿಯವರು 1994ರಲ್ಲಿ 'ಜುಗಾರಿ ಕ್ರಾಸ್' ಬರೆದಾಗ ಏಲಕ್ಕಿ ಬೆಳೆಯುವ ಸಾಮಾನ್ಯ ಗಂಡ ಹೆಂಡತಿಯನ್ನು ಪಾತಕಿಗಳ ಜಾಲಕ್ಕೆ ಸಿಕ್ಕಿಸಿ ಓದುವವರ ಎದೆ ಹೊಡೆದುಕೊಳ್ಳುವ ಹಾಗೆ ಮಾಡಿದರು. ಅದರ ನಡುವೆಯೇ ಮಲೆನಾಡು ಹೇಗೆ ಹಾಳಾಗುತ್ತಿದೆ ಅಂತಲೂ ಹೇಳಿದರು. ಎದೆ ಹೊಡೆದುಕೊಳ್ಳುವ ಕಥೆಯನ್ನು ಅವರು ಕೀಳಾಗಿ ನೋಡಲಿಲ್ಲ.

ನನ್ನ ದುಃಖ ಬೇರೆ. ನಿಮ್ಮ ಮನೆಯ ಹದಿಮೂರು ಜನ ಒಂದೇ ಸಾಲಿನಲ್ಲಿ ಕೂತು ಪಿಕ್ಚರ್ ನೋಡಿದಿರಲ್ಲ, ಆ ಭಾಗ್ಯ ಎಷ್ಟು ಮನೆಗೆ ಉಳಿದಿದೆ? ನಮ್ಮ ಎರಡೂ ಜಿಲ್ಲೆಗಳ ಸಣ್ಣ ಊರುಗಳಲ್ಲಿ ಒಂದೊಂದಾಗಿ ಥಿಯೇಟರ್ ಬಾಗಿಲು ಹಾಕುತ್ತಿವೆ. ನಾನು ಹುಡುಗನಾಗಿದ್ದಾಗ ಸಂತೆ ದಿನ ತೋಟದ ಆಳುಗಳು ಬಟವಾಡೆ ಹಣದಲ್ಲಿ ಅಕ್ಕಿ, ಒಣಮೀನು, ಪಿಕ್ಚರ್ ಟಿಕೆಟ್ ಮೂರನ್ನೂ ತೆಗೆದುಕೊಳ್ಳುತ್ತಿದ್ದ ಟಾಕೀಸು ಈಗ ಸಿಮೆಂಟ್ ಗೋಡೌನು. ಮಕ್ಕಳು ಪಿಕ್ಚರ್ ನೋಡುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ, ಒಂದೊಂದು ಫೋನಿನಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು. ಹೆದರಿದಾಗ ಹಿಡಿದುಕೊಳ್ಳಲು ಪಕ್ಕದಲ್ಲಿ ಅಜ್ಜನ ತೋಳು ಇರುವುದಿಲ್ಲ.

ಪ್ರವಾಸವಾದರೂ ಸರಿ ಇದೆಯಾ ಅಂದರೆ ಅದೂ ಇಲ್ಲ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರದ ಬೆಟ್ಟ, ಕರ್ನಾಟಕದಲ್ಲೇ ಎತ್ತರದ್ದು. ಶನಿವಾರ ಭಾನುವಾರ ಬಂದರೆ ಬೆಟ್ಟದ ರಸ್ತೆಯ ಉದ್ದಕ್ಕೂ ಕಾರು. ಮೂರು ಗಂಟೆ ಕಾರಿನಲ್ಲಿ ಕೂತು, ಹತ್ತು ನಿಮಿಷ ಮೇಲೆ ನಿಂತು, ಫೋಟೋ ತೆಗೆದು, ಇನ್ನೊಂದು ಜಾಗಕ್ಕೆ ಓಟ. ಸ್ಕೂಲುಗಳು ರಜೆಗೂ ಪ್ರಾಜೆಕ್ಟ್ ಕೊಡುತ್ತವೆ, ನೋಡಿದ ಜಾಗದ ಚಿತ್ರ ಅಂಟಿಸಿ ಹತ್ತು ವಾಕ್ಯ ಬರೆ ಅಂತ. ಮಗು ಚಿತ್ರಕ್ಕೋಸ್ಕರ ಜಾಗ ನೋಡುತ್ತೆ.

ಬೇಜಾರು ಮಾಡಿಕೊಳ್ಳಬೇಡಿ ಮೇಷ್ಟ್ರೇ, ನಿಮ್ಮ ಆ ಎರಡು ಪುಟದ ಜೆರಾಕ್ಸ್ ಬಗ್ಗೆ ಓದಿದಾಗ ನನಗೆ ಸ್ವಲ್ಪ ಭಯವಾಯಿತು. ಮೂವತ್ತು ವರ್ಷ ಪಾಠ ಮಾಡಿದವರ ಪ್ರೀತಿ ಟಿಪ್ಪಣಿಯ ರೂಪದಲ್ಲೇ ಬರುತ್ತೆ, ಅರ್ಥವಾಗುತ್ತೆ. ಆದರೆ ಮಕ್ಕಳು ಟಿಪ್ಪಣಿಗಳಿಂದ ನಾಲ್ಕು ದಿನ ತಪ್ಪಿಸಿಕೊಂಡು ನಿಮ್ಮ ಮನೆಗೆ ಬಂದಿದ್ದರು ಅಲ್ವಾ? ನಿಮ್ಮ ಅಳಿಯ ಮಳೆಗೆ ಹೆದರಿದ್ದು ನಿಜವೇ ಇರಬಹುದು. ಮಕ್ಕಳ ಮುಖ ನೋಡಿಯೂ ಅವರಿಗೆ ಏನೋ ಹೊಳೆದಿರಬೇಕು.

ಬೇಸಿಗೆ ರಜೆಗೆ ಮತ್ತೆ ಎಲ್ಲರನ್ನೂ ಕರೆಸಿ. ಈ ಸಲ ಮೊದಲು ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರನ ಒಳಗೆ ಹೋಗುವ ಮುಂಚೆ ಹೊರಗಿರುವ ಗರುಡಗಂಬದ ಹತ್ತಿರ ಮಕ್ಕಳನ್ನು ನಿಲ್ಲಿಸಿ. ಗರುಡರು ಅಂದರೆ ರಾಜನ ಜೀವಕ್ಕೆ ತಮ್ಮ ಜೀವ ಒತ್ತೆ ಇಟ್ಟು ಆಣೆ ಮಾಡಿದ ಕಾವಲುಗಾರರು. ಎರಡನೇ ವೀರಬಲ್ಲಾಳನ ಗರುಡ ಕುವರ ಲಕ್ಷ್ಮ. ರಾಜ ತೀರಿಕೊಂಡಾಗ ಅವನೂ ಅವನ ಹೆಂಡತಿಯೂ ಜೊತೆಯ ವೀರರೂ ಕೊಟ್ಟ ಮಾತಿಗೆ ಪ್ರಾಣ ಬಿಟ್ಟರು ಅಂತ ಆ ಕಂಬದ ಶಾಸನ ಹೇಳುತ್ತೆ. ಕಂಬದ ಸುತ್ತ ಕತ್ತಿ ಹಿಡಿದ ಆಳುಗಳ ಕೆತ್ತನೆ ಇದೆ. ಗೂಢಚಾರನ ಪಿಕ್ಚರ್ ನೋಡಿ ಬಂದ ಮಗು ಅದರ ಮುಂದೆ ಸುಮ್ನೆ ನಿಲ್ಲುವುದಿಲ್ಲ. ಯಾರಿಗೆ ಮಾತು ಕೊಟ್ಟಿದ್ದ, ಯಾಕೆ ಓಡಿಹೋಗಲಿಲ್ಲ, ಹೆಂಡತಿ ಯಾಕೆ ಸತ್ತಳು, ಅದು ಸರಿಯಾ, ತಪ್ಪಾ ಅಂತ ನಿಮ್ಮನ್ನು ಪ್ರಾಣ ತಿನ್ನುತ್ತೆ. ಆಗ ನೀವು ಮೇಷ್ಟ್ರು, ನಿಮ್ಮ ಮೂವತ್ತು ವರ್ಷವೂ ಉಪಯೋಗಕ್ಕೆ ಬರುತ್ತೆ. ಆಮೇಲೆ ನಿಧಾನವಾಗಿ ಬೇಲೂರಿಗೆ ಬನ್ನಿ.

ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟು ಕಿರಿಯ ಅಳಿಯನಿಗೆ ಕೊಡಿ. ಪುಳಿಯೋಗರೆ ಇರಲಿ, ಜೆರಾಕ್ಸ್ ಮನೆಯಲ್ಲೇ ಇರಲಿ. ಗರುಡಗಂಬದ ಹತ್ತಿರ ಆ ಕೊನೇ ಮೊಮ್ಮಗಳು ಏನು ಕೇಳಿದಳು ಅಂತ ನನಗೆ ಕಾಗದ ಬರೆಯಿರಿ, ಇದೇ ನೀಲಿ ಇಂಕಿನಲ್ಲಿ.