ಅಪ್ಪ ಇಲ್ಲದ ಡಿಸೆಂಬರ್: ನಗು, ಕಷಾಯ ಮತ್ತು ಒಂದು ಕ್ವಾರ್ಟರ್

ಪುಣೆಯ ಕೋಥರೂಡದಲ್ಲಿ ನೆಲೆಸಿದ ಧಾರವಾಡ ಕಡೆಯ ಕುಟುಂಬ. ಅರವತ್ತು ದಾಟಿದ ತಾಯಿ, ಹಿಂಜೆವಾಡಿಯ ಕಂಪನಿಯಲ್ಲಿ ದುಡಿಯುವ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ. ಜೂನ್‌ನಲ್ಲಿ ತಂದೆ ಹೃದಯಾಘಾತದಿಂದ ತೀರಿಕೊಂಡರು. ನವೆಂಬರ್ ಕೊನೆಗೆ, ಶೋಕದಲ್ಲಿರುವವರಿಗೆ ಸಲಹೆ ಕೊಡುವ ನಮ್ಮಲ್ಲಿಗೆ ಬಂದದ್ದು ಸೊಸೆ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇಲ್ಲಿ ಬರೆದಿದೆ.

ಸೊಸೆಯ ದೂರು ಎರಡು. ಅತ್ತೆ ನಗುವುದೇ ಇಲ್ಲ. ಗಂಡ ನಗಿಸುವುದನ್ನು ನಿಲ್ಲಿಸುವುದೇ ಇಲ್ಲ.

ತೀರಿಕೊಂಡವರು ಮನೆಗೆಲ್ಲ ನಗೆ ಹಂಚುತ್ತಿದ್ದವರು. ಮನೆಯ ಪ್ರತಿಯೊಬ್ಬರಿಗೂ ಅಡ್ಡಹೆಸರು ಇಟ್ಟಿದ್ದರು, ಕುಕ್ಕರಿಗೂ ಒಂದು ಹೆಸರಿತ್ತು. ಡಿಸೆಂಬರ್ 31ರ ರಾತ್ರಿ ಟೆರೇಸಿನ ಮೇಲೆ ತಾವೇ ಕಷಾಯ ಕುದಿಸಿ ಸ್ಟೀಲ್ ಲೋಟದಲ್ಲಿ ಎಲ್ಲರಿಗೂ ಕೊಡುತ್ತಿದ್ದರು. ತಮ್ಮ ಲೋಟಕ್ಕೆ ಮಾತ್ರ ಒಂದು ಪೆಗ್ ರಮ್. ಈಗ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ 31ರ ಪಾರ್ಟಿಗೆ ವರ್ಗಣಿ (ಚಂದಾ) ಕೇಳುತ್ತಿದ್ದಾರೆ, ಹುಡುಗ ಹೋಗೋಣ ಎನ್ನುತ್ತಾನೆ, ಅಜ್ಜಿ ವರ್ಷಾಂತಿಕ ಆಗುವ ತನಕ ಹಬ್ಬವಿಲ್ಲ ಎನ್ನುತ್ತಾರೆ. ಒಮ್ಮೆ ಗಂಡನ ಮಾತೊಂದು ನೆನಪಾಗಿ ನಕ್ಕ ತಾಯಿ ಆಮೇಲೆ ರಾತ್ರಿಯಿಡೀ ಅತ್ತಿದ್ದರು: "ಅವರು ಹೋಗಿ ಆರ ತಿಂಗಳ ಆಗಿಲ್ಲ, ನಾ ಹಿಂಗ ನಗೂದು ಛಂದ ಏನ್ರೀ ಮೇಡಮ್?"

ಮಗ ಸೂತಕದ ದಿನಗಳು ಮುಗಿಯುವ ಮೊದಲೇ ಜೋಕು ಶುರು ಮಾಡಿದ್ದ. ಸಾಂತ್ವನ ಹೇಳಲು ಫೋನ್ ಮಾಡಿದವರನ್ನು ನಗಿಸಿ ಇಡುತ್ತಿದ್ದ. ಗಟ್ಟಿ ಮನುಷ್ಯ ಎಂದು ಬಂಧುಗಳು ಹೊಗಳಿದರು, ಕಲ್ಲುಮನಸ್ಸು ಎಂದು ತಾಯಿ ನೊಂದುಕೊಂಡರು. ಮೊದಲು ಶನಿವಾರಕ್ಕೆ ಎರಡು ಪೆಗ್ ಇದ್ದದ್ದು ಈಗ ಎಲ್ಲರೂ ಮಲಗಿದ ಮೇಲೆ ಬಾಲ್ಕನಿಯಲ್ಲಿ ಒಬ್ಬನೇ ಒಂದು ಕ್ವಾರ್ಟರ್ ಆಗಿತ್ತು. ದಿನವೂ.

ಈ ಮನೆಯವರಿಗೆ ನಾವು ಮೊದಲ ಭೇಟಿಯಿಂದಲೂ ಹೇಳುತ್ತ ಬಂದದ್ದು ಇಷ್ಟು: ನಗುವುದೂ ತಪ್ಪಲ್ಲ, ಹಬ್ಬದ ದಿನ ಲೋಟ ಎತ್ತುವುದೂ ತಪ್ಪಲ್ಲ. ಆ ನಗುವಿನೊಳಗೆ ಅಪ್ಪ ಇದ್ದಾರೋ, ಅವರನ್ನು ಹೊರಗಿಡಲು ನಗುತ್ತಿದ್ದೀರೋ ಎಂಬುದನ್ನು ನೋಡಿಕೊಳ್ಳಿ. ಲೋಟಕ್ಕೂ ಇದೇ ಪ್ರಶ್ನೆ.

ಮೊದಲು ಕ್ವಾರ್ಟರಿನ ಲೆಕ್ಕ

ಭಾವನೆಯ ಮಾತಿಗಿಂತ ಮೊದಲು ಇದನ್ನು ಎತ್ತಿಕೊಂಡೆವು, ಏಕೆಂದರೆ ಅಪಾಯ ಇಲ್ಲಿತ್ತು. ತಾಯಿಗೆ ಡಾಕ್ಟರು ಬರೆದುಕೊಟ್ಟ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಕ್ಲೋನಾಜೆಪಾಮ್ ಮಾತ್ರೆಯನ್ನು ಮಗ ಅರ್ಧ ಮುರಿದು, ಕುಡಿದ ಮೇಲೆ ನುಂಗುತ್ತಿದ್ದ. ಮದ್ಯವೂ ಈ ಜಾತಿಯ ಮಾತ್ರೆಯೂ ಉಸಿರಾಟವನ್ನು ನಿಧಾನ ಮಾಡುತ್ತವೆ. ಒಟ್ಟಿಗೆ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಅದೇ ದಿನ ಮಾತ್ರೆಯ ಪಟ್ಟಿ ಸೊಸೆಯ ಕಪಾಟಿಗೆ ಹೋಯಿತು. ತಾಯಿ ಮಾತ್ರ ತಾವಾಗಿ ಮಾತ್ರೆ ನಿಲ್ಲಿಸಬಾರದು. ದಿನವೂ ತೆಗೆದುಕೊಳ್ಳುತ್ತಿದ್ದವರು ಥಟ್ಟನೆ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರನ್ನು ಕಂಡು ಹಂತಹಂತವಾಗಿ ಇಳಿಸಬೇಕು.

ನಮ್ಮಲ್ಲಿ ಸಿಗುವ ರಮ್, ವಿಸ್ಕಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. 30 ಮಿ.ಲೀ. ಅಂದರೆ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ, 180 ಮಿ.ಲೀ. ಕ್ವಾರ್ಟರಿನಲ್ಲಿ 60 ಗ್ರಾಂ. ದೇಹ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ರಾತ್ರಿ ಹನ್ನೊಂದೂವರೆಗೆ ಮುಗಿಸಿದ ಕ್ವಾರ್ಟರ್ ಬೆಳಗಿನ ಆರಕ್ಕೂ ರಕ್ತದಲ್ಲಿ ಉಳಿದಿರಬಹುದು. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಬೇಗ ಎದ್ದು ಕಾರು ತೆಗೆಯುತ್ತಿದ್ದ ಈತ ಇದನ್ನು ಯೋಚಿಸಿಯೇ ಇರಲಿಲ್ಲ.

"ನಡುರಾತ್ರಿ ಮೂರಕ್ಕ ಅಪ್ಪನ ನೆನಪಿಗೆ ಎಚ್ಚರ ಆಗ್ತದ, ಅದಕ್ಕ ಕುಡೀತೀನಿ" ಎಂದ. ಕಾರಣವನ್ನು ತಿರುಗಿಸಿ ತೋರಿಸಬೇಕಾಯಿತು. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಕ್ತದಲ್ಲಿ ಇಳಿಯತೊಡಗಿದಾಗ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಒಡೆಯುತ್ತದೆ. ಎಬ್ಬಿಸುವುದು ರಮ್, ಎದ್ದವನ ಪಕ್ಕದಲ್ಲಿ ಬಂದು ಕೂರುವುದು ನೆನಪು. ಶೋಕದಲ್ಲಿರುವವರು ಈ ಎರಡನ್ನೂ ಒಂದೇ ಎಂದುಕೊಂಡು ಮರುದಿನ ಇನ್ನೊಂದು ಪೆಗ್ ಏರಿಸುತ್ತಾರೆ.

ಕುಡಿತದ ಅಪಾಯ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ 'ಆಡಿಟ್' ಪಟ್ಟಿಯಲ್ಲಿ ಈತನ ಅಂಕ 8 ದಾಟಿತ್ತು, 20 ಮುಟ್ಟಿರಲಿಲ್ಲ: ಅಂದರೆ ಕುಡಿತ ಅಪಾಯದ ಮಟ್ಟದ್ದು, ಆದರೆ ಚಟವಾಗಿ ಅಂಟಿಕೊಂಡ ಸಂಶಯದ ಮಟ್ಟಕ್ಕೆ ಹೋಗಿರಲಿಲ್ಲ. ಬೆಳಿಗ್ಗೆ ಕೈ ನಡುಗುವುದು, ಬೆವರುವುದು ಇರಲಿಲ್ಲ. ಅದಕ್ಕೇ ಮನೆಯಲ್ಲೇ ಇಳಿಸಲು ಒಪ್ಪಿದೆವು. ನಡುಕವಿದ್ದರೆ ಒಮ್ಮೆಲೇ ಬಿಡಬಾರದು, ಡಾಕ್ಟರ ಕಣ್ಣೆದುರೇ ಬಿಡಬೇಕು. ಇಳಿಸುವ ಕ್ರಮ ಹೀಗಿತ್ತು: ಒಂದು ವಾರ 120 ಮಿ.ಲೀ., ಮರುವಾರ 60, ಆಮೇಲೆ ಶನಿವಾರ ಮಾತ್ರ. ಊಟವಾದ ಮೇಲೆ, ನಡುಮನೆಯಲ್ಲಿ ಕೂತು, ಹೆಂಡತಿ ಎದುರಿಗಿದ್ದಾಗ, 30ರ ಅಳತೆಯ ಪೆಗ್ ಲೋಟದಲ್ಲಿ ಅಳೆದು. ಬಾಲ್ಕನಿಯ ಕುರ್ಚಿ ಒಳಗೆ ಬಂತು. ಕಣ್ಣಂದಾಜಿನಲ್ಲಿ ಸುರಿದ ಪೆಗ್ ಅಳತೆಗಿಂತ ದೊಡ್ಡದೇ ಆಗಿರುತ್ತದೆ. ಮೊದಲ ವಾರ ನಿದ್ದೆ ಇನ್ನೂ ಕೆಡುತ್ತದೆ ಎಂದು ಮುಂಚೆಯೇ ಹೇಳಿದ್ದೆವು. ಹೇಳದಿದ್ದರೆ ಮೂರನೇ ರಾತ್ರಿಯೇ ಹಳೆಯ ಲೆಕ್ಕಕ್ಕೆ ಮರಳುವ ಸಂಭವ ಹೆಚ್ಚು.

ಅಪ್ಪನ ಕಷಾಯ

31ರಂದು ಅಪ್ಪನ ಕಷಾಯವನ್ನೇ ಮಾಡಬೇಕೆಂಬುದು ಮೊಮ್ಮಗನ ಹಟ. ಒಳ್ಳೆಯ ಹಟ ಅದು. ಆದರೆ ಕೈಯಳತೆಯಲ್ಲಿ ಮಾಡುತ್ತಿದ್ದವರು ಏನನ್ನೂ ಬರೆದಿಟ್ಟಿರಲಿಲ್ಲ. ಇಂಥದ್ದನ್ನು ಹಬ್ಬದ ರಾತ್ರಿಯೇ ಮೊದಲ ಸಲ ಮಾಡಿದರೆ ರುಚಿ ತಪ್ಪುತ್ತದೆ, ಅದರ ಜತೆಗೆ ಇಡೀ ರಾತ್ರಿ ಕೆಡುತ್ತದೆ. ಎರಡು ವಾರ ಮೊದಲು, ಯಾವುದೋ ಮಂಗಳವಾರ ಸಂಜೆ, ಯಾರೂ ಏನೂ ನಿರೀಕ್ಷಿಸದಾಗ ಮಾಡಿ ಎಂದೆವು.

ಅವರು ಹೊಂದಿಸಿಕೊಂಡ ಪುಡಿ: ಕೊತ್ತಂಬರಿ ಬೀಜ ಅರ್ಧ ಕಪ್, ಜೀರಿಗೆ ಎರಡು ದೊಡ್ಡ ಚಮಚ, ಬಡೇಸೋಪು ಒಂದು ದೊಡ್ಡ ಚಮಚ, ಕರಿಮೆಣಸು ಒಂದು ಸಣ್ಣ ಚಮಚ, ಏಲಕ್ಕಿ ಆರು, ಒಂದು ಇಂಚು ಒಣಶುಂಠಿ, ಕಾಲು ಜಾಯಿಕಾಯಿ. ಶುಂಠಿ, ಜಾಯಿಕಾಯಿ ಬಿಟ್ಟು ಉಳಿದದ್ದನ್ನು ಸಣ್ಣ ಉರಿಯಲ್ಲಿ ಬೇರೆಬೇರೆ ಹುರಿಯಬೇಕು. ಕೊತ್ತಂಬರಿ ಕಪ್ಪಾದರೆ ಕಹಿ. ಎರಡು ಕಪ್ ನೀರಿಗೆ ಒಂದೂವರೆ ಸಣ್ಣ ಚಮಚ ಪುಡಿ, ಐದು ನಿಮಿಷ ಕುದಿ, ಬೆಲ್ಲ. ಹಾಲನ್ನು ಬೇರೆ ಕಾಯಿಸಿಕೊಂಡು, ಒಲೆ ಆರಿಸಿದ ಮೇಲೆ ಬೆರೆಸಬೇಕು. ಬೆಲ್ಲದ ಜತೆ ಕುದಿಸಿದರೆ ಹಾಲು ಒಡೆಯುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇದೆ, ಬೆಲ್ಲವೂ ಸಕ್ಕರೆಯಂತೆಯೇ ಏರಿಸುತ್ತದೆ, ಆದ್ದರಿಂದ ಅವರ ಲೋಟ ಸಪ್ಪೆ.

ಮೊದಲ ಸಲ ಮಾಡಿದ್ದು ಅಪ್ಪನದಾಗಲಿಲ್ಲ. ಮಗ ಖಾರ ಕಡಿಮೆ ಎಂದ. ತಾಯಿ ಬಹಳ ಹೊತ್ತಿನ ಮೇಲೆ, "ಅವರು ಕಡೀಕ ಒಂದು ಚಿಟಿಕಿ ಉಪ್ಪು ಹಾಕ್ತಿದ್ರು, ನಂಗ ಗೊತ್ತಿಲ್ಲ ಅಂತ ತಿಳ್ಕೊಂಡಿದ್ರು" ಎಂದರು. ಜೂನ್‌ನಿಂದ ಈಚೆಗೆ ಅವರು ಮನೆಯಲ್ಲಿ ಗಂಡನ ಬಗ್ಗೆ ತಾವಾಗಿ ಆಡಿದ ಮೊದಲ ಮಾತು ಅದು ಎಂದು ಸೊಸೆ ಹೇಳಿದಳು. ಕಷಾಯ ಮಾಡಿಸಿದ್ದು ಈ ಮಾತಿಗಾಗಿಯೇ. ರುಚಿ ಸರಿಹೋಗದೆ ಉಳಿದರೂ ನಷ್ಟವಿಲ್ಲ.

ರಮ್ ಬೇಕೆಂದರೆ ಮಗನ ಲೋಟಕ್ಕೆ ಮಾತ್ರ, ಅಳೆದು 30 ಮಿ.ಲೀ., ಒಂದೇ ಸಲ. ಪಾತ್ರೆಗೆ ಸುರಿಯಬಾರದು. ಸುರಿದರೆ ಮಗುವಿಗೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವ ತಾಯಿಗೂ ಹೋಗುತ್ತದೆ, ಕುದಿಸಿದರೂ ಮದ್ಯಸಾರ ಪೂರ್ತಿ ಹಾರಿಹೋಗುವುದಿಲ್ಲ. ಬಿಸಿ, ಸಿಹಿ, ಖಾರದಲ್ಲಿ ರಮ್ಮಿನ ಘಾಟು ಅಡಗುವುದರಿಂದ ಕುಡಿದದ್ದು ಎಷ್ಟೆಂದು ತಿಳಿಯುವುದೂ ಇಲ್ಲ. ಚಳಿಗೆ ರಮ್ ಒಳ್ಳೆಯದು ಎಂಬ ಮಾತನ್ನು ನಂಬಬಾರದು. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಡಿಸೆಂಬರಿನ ಪುಣೆಯಲ್ಲಿ ಟೆರೇಸಿಗೆ ಹೋಗುವಾಗ ಶಾಲು, ಸ್ವೆಟರ್ ಬೇಕೇ ಬೇಕು.

ನಗು

1997ರಲ್ಲಿ ಮನೋವಿಜ್ಞಾನಿಗಳಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಪ್ರಕಟಿಸಿದ ಅಧ್ಯಯನವೊಂದಿದೆ. ಸಂಗಾತಿಯನ್ನು ಕಳೆದುಕೊಂಡು ಆರು ತಿಂಗಳಾದವರು ತೀರಿಹೋದವರ ಬಗ್ಗೆ ಮಾತಾಡುವಾಗ ಅವರ ಮುಖವನ್ನು ಗಮನಿಸಿದರು. ಕಣ್ಣೂ ಅರಳುವಂತೆ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆ ಕಂಡಿತು. ತಾಯಿಗೆ ಇದನ್ನು ಸರಳವಾಗಿ ಹೇಳಿದೆವು: ನೀವು ನಕ್ಕದ್ದು ಅವರ ಮಾತಿಗೆ, ಅವರನ್ನು ಮರೆತದ್ದಕ್ಕಲ್ಲ. ಶೋಕದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ವಿವರಿಸಿದಂತೆ ಶೋಕ ಎಂಬುದೇ ನಷ್ಟದ ಕಡೆಗೂ ಬದುಕಿನ ಕಡೆಗೂ ಹೋಗಿಬಂದು ಮಾಡುವ ಚಲನೆ. ಒಂದೇ ಗಂಟೆಯಲ್ಲಿ ನಗು, ಅಳು ಎರಡೂ ಬಂದರೆ ಏನೋ ಕೆಟ್ಟಿದೆ ಎಂದಲ್ಲ.

ಮಗನಿಗೆ ಬೇರೆ ಸಲಹೆ ಬೇಕಿತ್ತು. ಆತನ ಜೋಕುಗಳಲ್ಲಿ ಅಪ್ಪ ಇರಲೇ ಇಲ್ಲ, ಟ್ರಾಫಿಕ್ಕು, ಬಾಸು, ಕ್ರಿಕೆಟ್ಟು ಇದ್ದವು. ಒಂದು ಪರೀಕ್ಷೆ ಕೊಟ್ಟೆವು: ಜೋಕು ಮುಗಿದ ಮೇಲೆ ಮುಂದಿನ ವಾಕ್ಯ ಅಪ್ಪನ ಬಗ್ಗೆ ಆಡಲು ಆಗುತ್ತದೆಯೇ? ಆಗದಿದ್ದರೆ ಆ ಜೋಕು ಬಾಗಿಲು ಹಾಕಿದೆ ಎಂದರ್ಥ.

ಆಮೇಲೆ ಎಲ್ಲರೂ ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಕೊಟ್ಟೆವು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರೂ ಅಪ್ಪನ ಮೂರು ಮಾತುಗಳನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆಯಬೇಕು, ಎಲ್ಲಿ, ಯಾರ ಎದುರು ಆಡಿದ್ದು ಎಂಬ ವಿವರದ ಜತೆ. ಧಾಟಿ ಬದಲಾದರೆ ನಗೆ ಸಾಯುತ್ತದೆ, ಆದ್ದರಿಂದ ಶುದ್ಧ ಮಾಡಬಾರದು. ಓದುವುದು ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚಲ್ಲ. ಯಾರೇ "ಸಾಕು" ಎಂದರೂ ಅಲ್ಲಿಗೆ ನಿಲ್ಲಿಸಬೇಕು, ಕಾರಣ ಕೇಳಬಾರದು. ಕೊನೆಯ ದಿನ, ಆಸ್ಪತ್ರೆ, ಆಸ್ತಿ, ತಾಯಿಯ ಕುಂಕುಮ ಇವು ನಗೆಗೆ ಸಲ್ಲವು. ಗಂಡ ಹೆಂಡತಿಗೆ ಇಟ್ಟ ಅಡ್ಡಹೆಸರು ಆಕೆಯ ಸ್ವತ್ತು, ಆಕೆ ಹೇಳಿದರೆ ಮಾತ್ರ ಉಳಿದವರು ಹೇಳಬಹುದು.

ಹುಡುಗ ಅಜ್ಜನ ಮಿಮಿಕ್ರಿ ಮಾಡಿ ನಕ್ಕು ಆಟಕ್ಕೆ ಓಡುವುದು ಅಗೌರವವಲ್ಲ. ಮಕ್ಕಳ ದುಃಖ ಹಾಗೆಯೇ, ಬಂದು ಹೋಗಿ ಮಾಡುತ್ತದೆ.

ಪಕ್ಕದ ಮನೆಯವರು ತಾಯಿಯನ್ನು ಹಾಸ್ಯಕ್ಲಬ್ಬಿಗೆ ಕರೆದಿದ್ದರು. ಸದ್ಯಕ್ಕೆ ಬೇಡ ಎಂದೆವು. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈ ಅಂಧೇರಿಯ ಲೋಖಂಡವಾಲಾದಲ್ಲಿ ಐದು ಜನರೊಂದಿಗೆ ಇದನ್ನು ಶುರು ಮಾಡಿದಾಗ ಮೊದಲು ಜೋಕುಗಳೇ ಇದ್ದವು. ಅವು ಮುಗಿದು ಕೆಲವು ಮನಸ್ಸು ನೋಯಿಸತೊಡಗಿದಾಗ ಜೋಕಿಲ್ಲದ ನಗೆಯ ವ್ಯಾಯಾಮ ಬಂತು. ವ್ಯಾಯಾಮವಾಗಿ ಅದು ಚೆನ್ನಾಗಿಯೇ ಇದೆ. ಆದರೆ ನಕ್ಕದ್ದಕ್ಕೇ ತಪ್ಪಿತಸ್ಥ ಭಾವದಿಂದ ಬೇಯುತ್ತಿರುವವರನ್ನು ಗುಂಪಿನಲ್ಲಿ ನಿಲ್ಲಿಸಿ ನಗಿಸಿದರೆ ಆ ಭಾವ ಇಮ್ಮಡಿಯಾಗಬಹುದು.

ಸವಾಯಿ, 31, ಸಂಕ್ರಾಂತಿ

ತಾಯಿಯ ವರ್ಷದ ನೇಮವನ್ನು ನಾವು ಪ್ರಶ್ನಿಸಲಿಲ್ಲ. ಡಿಸೆಂಬರಿನ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಮಾತ್ರ ಹೋಗಿ ಬನ್ನಿ ಎಂದೆವು. ಅದು ರಮಣಬಾಗ ಶಾಲೆಯ ಮೈದಾನದಲ್ಲಿ ನಡೆಯುತ್ತಿದ್ದ ಕಾಲದಿಂದ ಗಂಡ ಹೆಂಡತಿ ಕೇಳುತ್ತಿದ್ದವರು. ಕುಂದಗೋಳದ ಗುರು ಸವಾಯಿ ಗಂಧರ್ವರು ತೀರಿಕೊಂಡ ಮರುವರ್ಷ, 1953ರಲ್ಲಿ, ಗದಗಿನ ಶಿಷ್ಯ ಭೀಮಸೇನ ಜೋಶಿಯವರು ಶುರು ಮಾಡಿದ ಸಂಗೀತೋತ್ಸವ ಅದು. ಹೋದವರ ನೆನಪಿಗೆಂದೇ ಹುಟ್ಟಿದ್ದು ಎಂಬ ಮಾತು ತಾಯಿಗೆ ಒಪ್ಪಿಗೆಯಾಯಿತು. ಹಳೆಯ ಜಾಗದಲ್ಲಿ ಕೂರಬಾರದು, ಒಬ್ಬರ ಗಾಯನ ಕೇಳಿ ಏಳಬಹುದು. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಹಾಲಿಲ್ಲದ ಕಷಾಯ ತುಂಬಬೇಕು. ಹಾಲು ಬೆರೆತದ್ದು ಕೆಲವೇ ತಾಸಿನಲ್ಲಿ ಹುಳಿಯುತ್ತದೆ. ಒಳಗೆ ಒಯ್ಯಲು ಬಿಡದಿದ್ದರೆ ಕಾರಿನಲ್ಲೇ ಕುಡಿದರಾಯಿತು.

ವಿಷಯ ತಿಳಿಯದ ಪರಿಚಿತರು "ಯಜಮಾನ್ರು ಬಂದಿಲ್ಲೇನ್ರೀ?" ಎಂದೇ ಕೇಳುತ್ತಾರೆ. ಉತ್ತರವನ್ನು ಬಾಯಿಪಾಠ ಮಾಡಿಸಿದ್ದೆವು: "ಅವರು ಜೂನ್‌ದಾಗ ತೀರ್ಕೊಂಡ್ರು. ಇವತ್ತ ಅವರ ಸಲುವಾಗಿ ಕೇಳ್ಲಿಕ್ಕೆ ಬಂದೇನಿ." ಕೇಳಿದರು, ಹೇಳಿದರು, ಕಣ್ಣೀರು ಬಂತು, ಕೂತು ಹಾಡು ಪೂರ್ತಿ ಕೇಳಿದರು.

31ಕ್ಕೆ ಸೊಸೈಟಿಯ ಪಾರ್ಟಿಗೆ ಮಗ, ಸೊಸೆ, ಹುಡುಗ ಎಂಟೂವರೆಗೆ ಹೋಗಿ ಒಂಬತ್ತೂಮುಕ್ಕಾಲಿಗೆ ಹೊರಡುವುದು. ಹೊರಡುವ ಮಾತನ್ನು ಹೋದಕೂಡಲೇ ಹೇಳಿಬಿಡಬೇಕು, "ಆಮ್ಹಿ ಥೋಡಾ ವೇಳ್ ಬಸೂನ್ ನಿಘೂ" (ಸ್ವಲ್ಪ ಹೊತ್ತು ಕೂತು ಹೊರಡುತ್ತೇವೆ) ಎಂದು ಮರಾಠಿಯಲ್ಲಿ. ಕೊನೆಗೆ ಹೇಳಹೋದರೆ ಎಳೆದು ಕೂರಿಸುತ್ತಾರೆ, ಇನ್ನೊಂದು ಗ್ಲಾಸ್ ಕೈಗೆ ಬರುತ್ತದೆ. ಹನ್ನೊಂದೂಮುಕ್ಕಾಲಿನಿಂದ ಹನ್ನೆರಡೂಕಾಲರ ತನಕ ತಾಯಿ ಒಬ್ಬರೇ ಇರಬಾರದು. ಫೋನುಗಳನ್ನು ಸೊಸೆ ಎತ್ತಬೇಕು. ಟೆರೇಸಿಗೆ ತಾಯಿ ಬಂದರು. ಕುಕ್ಕರಿನ ಅಡ್ಡಹೆಸರಿಗೆ ನಕ್ಕವರೂ ಆಮೇಲೆ ಅತ್ತವರೂ ಅವರೇ, ಮಗನೂ ಮೊದಲ ಸಲ ಎಲ್ಲರೆದುರು ಅತ್ತ. ಅವನ ಲೋಟಕ್ಕೆ ಒಂದೇ ಪೆಗ್ ಬಿದ್ದಿತ್ತು.

ಜನವರಿಯಲ್ಲಿ ಇನ್ನೊಂದು ನೋವು ಕಾದಿತ್ತು. ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಮಹಾರಾಷ್ಟ್ರದ ಮನೆಮನೆಗಳಲ್ಲಿ ಹಳದಿ ಕುಂಕುಮ, ಗಂಡನನ್ನು ಕಳೆದುಕೊಂಡವರಿಗೆ ಕರೆಯಿಲ್ಲ. ಈ ಪದ್ಧತಿ ಅನ್ಯಾಯ ಎಂದು ನಾವು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ವಿಧವೆಯರ ಮೇಲಿನ ಇಂಥ ಆಚರಣೆಗಳ ವಿರುದ್ಧ ನಿರ್ಣಯ ಮಾಡಿತು, ಉಳಿದ ಊರುಗಳೂ ಅದನ್ನು ಅನುಸರಿಸಲಿ ಎಂದು ಸರ್ಕಾರವೇ ಸೂಚಿಸಿತು. ಸೊಸೆ ತನ್ನ ಮನೆಯಲ್ಲಿ ಕರೆಯುವುದಾದರೆ ಅತ್ತೆಗೇ ಮೊದಲ ಎಳ್ಳುಬೆಲ್ಲ ಕೊಡಲಿ, ಅತ್ತೆಗೆ ಇಷ್ಟವಿದ್ದರೆ ಮಾತ್ರ, ಮೊದಲೇ ಕೇಳಿಕೊಂಡು.

ಐದಾರು ತಿಂಗಳ ಶೋಕಕ್ಕೆ ಕಾಯಿಲೆಯ ಹೆಸರು ಬೇಡ. ಆದರೂ ಈ ಮನೆಗೆ ಕೆಲವು ಗುರುತುಗಳನ್ನು ಬರೆದುಕೊಟ್ಟಿದ್ದೇವೆ: ಮಗನ ಪೆಗ್ ಮತ್ತೆ ಒಂಟಿಯಾಗಿ ದಿನವೂ ಏರಿದರೆ, ತಾಯಿ ಊಟ, ಸಕ್ಕರೆಯ ಮಾತ್ರೆ ಬಿಟ್ಟರೆ, ಜೂನ್ ಕಳೆದರೂ ಹಂಬಲ ಇಷ್ಟೇ ತೀವ್ರವಾಗಿ ದಿನದ ಕೆಲಸವನ್ನೇ ತಡೆದರೆ ಮನೋವೈದ್ಯರನ್ನು ಕಾಣಬೇಕು. ಯಾರೇ "ನಾನೂ ಅವರ ಹಿಂದ ಹೋಗ್ತೀನಿ" ಎಂದರೆ ಅದನ್ನು ನಗೆಯಲ್ಲಿ ತೇಲಿಸದೆ, ಒಬ್ಬರೇ ಬಿಡದೆ, ಅದೇ ಗಳಿಗೆ 14416ಕ್ಕೆ ಫೋನ್ ಮಾಡಬೇಕು. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.