ಕಣ್ಣು ಕಾಣದ ಅಪ್ಪ ತಾವೇ ರೇಡಿಯೊ ಹಾಕಿಕೊಳ್ಳಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಹುಬ್ಬಳ್ಳಿಯಿಂದ ಬರೆದಿದ್ದೀರಿ. ಗ್ಲಾಕೋಮಾದಿಂದ ಅಪ್ಪನ ದೃಷ್ಟಿ ಹೋಗಿದೆ, ಮೊದಲಿನಿಂದಲೂ ಧಾರವಾಡ ಆಕಾಶವಾಣಿ ಕೇಳಿದವರು, ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ಅಂಧರಿಗೆಂದೇ ಮಾಡಿದ ರೇಡಿಯೊ ಸಾಫ್ಟ್‌ವೇರ್ ಬೇಕು ಎಂದು.

ನಾನು ಗದಗ-ಬೆಟಗೇರಿಯವನು. ಹತ್ತನೇ ವಯಸ್ಸಿನಿಂದ ನನಗೂ ಕಣ್ಣು ಕಾಣುವುದಿಲ್ಲ. ಅಂಥ ಸಾಫ್ಟ್‌ವೇರ್ ಹುಡುಕುತ್ತಾ ಕೂರಬೇಡಿ. ಸಾವಿರ ಸ್ಟೇಷನ್ ಇರುವ ಆ್ಯಪ್ ಅಪ್ಪನಿಗೆ ಯಾಕೆ? ಅವರಿಗೆ ಬೇಕಾದದ್ದು ಒಂದು ಸ್ಟೇಷನ್, ಅಲ್ವಾ? 1950ರ ಜನವರಿ 8ರಂದು ಶುರುವಾದ ಆ ಕೇಂದ್ರ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಗಡಿಯಾರವೇ ಆಗಿತ್ತು. ಅದಕ್ಕೊಂದು ಕೀ ಮಾಡಿಕೊಡಿ.

ಮೊದಲು ಎನ್‌ವಿಡಿಎ ಹಾಕಿ. ಪರದೆ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದು, ಪೂರ್ತಿ ಉಚಿತ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಅವರಿಗೂ ದೃಷ್ಟಿ ಇಲ್ಲ. ಅದರಲ್ಲೇ ಬರುವ ಈಸ್ಪೀಕ್ ಎಂಬ ದನಿ ಕನ್ನಡ ಓದುತ್ತದೆ. ದನಿ ಯಂತ್ರದ್ದೇ, ಎರಡು ವಾರ ಬೇಕು ಕಿವಿಗೆ ಒಗ್ಗಲು.

ಆಮೇಲೆ ವಿಎಲ್‌ಸಿ ಪ್ಲೇಯರ್ ಹಾಕಿ. ನೋಟ್‌ಪ್ಯಾಡಿನಲ್ಲಿ ಕೇಂದ್ರದ ಸ್ಟ್ರೀಮ್ ಲಿಂಕನ್ನು, ಅಂದರೆ ನೆಟ್‌ನಲ್ಲಿ ಅದರ ನೇರ ಪ್ರಸಾರ ಸಿಗುವ ವಿಳಾಸವನ್ನು, ಒಂದೇ ಸಾಲಾಗಿ ಅಂಟಿಸಿ. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ, ಹೆಸರಿನ ಕೊನೆಗೆ ಡಾಟ್ ಎಂ3ಯು (.m3u) ಎಂದು ಕೊಡಿ. ಆ ಫೈಲ್ ವಿಎಲ್‌ಸಿಯಲ್ಲೇ ತೆರೆಯುವ ಹಾಗೆ ಮಾಡಿ. ಅದರ ಶಾರ್ಟ್‌ಕಟ್ ಡೆಸ್ಕ್‌ಟಾಪಿಗೆ ತನ್ನಿ. ಶಾರ್ಟ್‌ಕಟ್ ಮೇಲೆ ಆಲ್ಟ್ ಎಂಟರ್ ಒತ್ತಿದರೆ ಪ್ರಾಪರ್ಟೀಸ್ ಬರುತ್ತದೆ. ಅಲ್ಲಿ 'ಶಾರ್ಟ್‌ಕಟ್ ಕೀ' ಜಾಗದಲ್ಲಿ ಡಿ ಒತ್ತಿ. ಇನ್ನು ಕಂಟ್ರೋಲ್, ಆಲ್ಟ್, ಡಿ ಮೂರೂ ಒಟ್ಟಿಗೆ ಒತ್ತಿದರೆ ಧಾರವಾಡ ಕೇಳುತ್ತದೆ. ಡಿ ಯಾಕೆಂದರೆ ಧಾರವಾಡದ ಡಿ ಅಂತ ಮಾತ್ರ ಅಲ್ಲ. ಎಫ್ ಕೀ ಮೇಲೆ ಒಂದು ಸಣ್ಣ ಉಬ್ಬು ಗೆರೆ ಇರುತ್ತದೆ, ಡಿ ಅದರ ಎಡ ಮಗ್ಗುಲಲ್ಲೇ ಇದೆ. ಬೆರಳಿಗೆ ಸುಲಭವಾಗಿ ಸಿಗುತ್ತದೆ. ನಿಲ್ಲಿಸಲು ಆಲ್ಟ್ ಎಫ್4. ಮುಂದೆ ಲಿಂಕ್ ಬದಲಾದರೆ ಆ ಒಂದು ಸಾಲು ತಿದ್ದಿದರೆ ಸಾಕು.

ಹೊಸಬರಿಗೆ ಜಾಸ್ತಿ ಕಾಟ ಕೊಡುವುದು ಎರಡು ದನಿಗಳ ಜಗಳ. ವಾರ್ತೆ ನಡುವೆ ಎನ್‌ವಿಡಿಎ ಮಾತಾಡಿದರೆ ಎರಡೂ ತಿಳಿಯುವುದಿಲ್ಲ. ಇನ್ಸರ್ಟ್, ಶಿಫ್ಟ್, ಡಿ ಒತ್ತುತ್ತಾ ಹೋಗಿ, ಅದು ಮಾತಾಡುವಾಗ ರೇಡಿಯೊ ತಾನಾಗಿ ತಗ್ಗುವಂತೆ ಮಾಡಬಹುದು. ಇದಕ್ಕೆ ಎನ್‌ವಿಡಿಎ ಇನ್‌ಸ್ಟಾಲ್ ಆಗಿರಬೇಕು, ಪೆನ್‌ಡ್ರೈವಿನಿಂದ ಓಡಿಸುವ ಪೋರ್ಟಬಲ್ ಪ್ರತಿಯಲ್ಲಿ ಆಗುವುದಿಲ್ಲ.

ಫೋನಿಗೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಇದೆ. ಯಾವ ಆ್ಯಪ್ ಆದರೂ ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ, ನೀವೇ ಒಮ್ಮೆ ಹಾಕಿ ನೋಡಿ. ನಾನು ಎರಡು ವರ್ಷ ದಿನವೂ ಕೇಳುತ್ತಿದ್ದ ಒಂದು ಆ್ಯಪ್ ಅಪ್‌ಡೇಟ್ ಆದ ಮೇಲೆ ಪ್ಲೇ, ಸ್ಟಾಪ್, ಜಾಹೀರಾತು ಎಲ್ಲದಕ್ಕೂ ಬರೀ "ಬಟನ್, ಬಟನ್" ಎಂದಿತು. ಹೆಸರಿಲ್ಲದ ಬಾಗಿಲುಗಳ ಮುಂದೆ ನಿಂತಂತಾಯಿತು ನನಗೆ. ಬರೆದು ಕೇಳಿದೆ, ಉತ್ತರ ಬರಲಿಲ್ಲ. ಬಟನ್‌ಗೆ ಹೆಸರು ಕೊಡುವುದು ಪ್ರೋಗ್ರಾಂ ಬರೆಯುವವರಿಗೆ ಒಂದು ಸಾಲಿನ ಕೆಲಸ. ಅದನ್ನು ಬಿಟ್ಟರೆ ನಮ್ಮಂಥವರು ಹೊರಗೇ ಉಳಿಯುತ್ತೇವೆ.

ಹಳೇ ಟ್ರಾನ್ಸಿಸ್ಟರ್ ಇದ್ದರೆ ಸುಮ್ನೆ ಗುಜರಿಗೆ ಹಾಕಬೇಡಿ. ಮೀಡಿಯಂ ವೇವ್ 765ರಲ್ಲಿ ಮುಳ್ಳು ನಿಲ್ಲಿಸಿ ಅಪ್ಪನ ಹಾಸಿಗೆ ಪಕ್ಕ ಇಡಿ. ಚಾರ್ಜರ್, ಎಲ್‌ಇಡಿ ಬಲ್ಬಿನಿಂದ ದೂರ ಇಟ್ಟರೆ ಗರಗರ ಕಡಿಮೆ. ನೆಟ್ ಹೋದ ದಿನ ಅದೇ ಬೇಕಾಗುತ್ತದೆ.