ಕ್ಯಾರವಾನ್‌ನಲ್ಲಿ ಫ್ಲಿಂಡರ್ಸ್ ಬೆಟ್ಟಗಳಿಗೆ ಹೊರಟಿದ್ದೇವೆ, ದಾರಿಯಲ್ಲಿ ಎಲ್ಲಿ ನಿಲ್ಲಬೇಕು?

ಅಡಿಲೇಡ್‌ನಿಂದ ಕಾರಿಗೆ ಕ್ಯಾರವಾನ್ (ಎಳೆದೊಯ್ಯುವ ಮನೆಗಾಡಿ) ಕಟ್ಟಿಕೊಂಡು ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಗಳಿಗೆ ಹೋಗುತ್ತೇವೆ, ಊರಿಂದ ಬಂದ ಅಪ್ಪ ಅಮ್ಮನೂ ಜೊತೆಗಿರುತ್ತಾರೆ, ವಿಲ್ಪೀನಾ ಪೌಂಡ್ (ಬೆಟ್ಟಗಳು ಸುತ್ತುವರಿದ ಬಟ್ಟಲಿನಂಥ ಬಯಲು) ಬಿಟ್ಟರೆ ಇನ್ನೇನು ನೋಡಬಹುದು ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ವಿಲ್ಪೀನಾ ಮುಟ್ಟುವ ಆತುರದಲ್ಲಿ ಕ್ವಾರ್ನ್ ಮತ್ತು ಹಾಕರ್ ಊರುಗಳ ನಡುವಿನ ರಸ್ತೆಯನ್ನು ಸುಮ್ನೆ ದಾಟಿಬಿಡಬೇಡಿ. ನನಗೆ ಜಾಸ್ತಿ ಹಿಡಿಸಿದ್ದು ಆ ದಾರಿಯೇ.

ಹೊರಡುವ ಮೊದಲು ಗಾಯ್ಡರ್ ಗೆರೆಯ ಬಗ್ಗೆ ಅಪ್ಪ ಅಮ್ಮನಿಗೆ ಹೇಳಿ. ದೊಡ್ಡ ಬರ ಬಂದಿದ್ದ 1865ರಲ್ಲಿ ಜಾರ್ಜ್ ಗಾಯ್ಡರ್ ಎಂಬ ಸರ್ವೇ ಅಧಿಕಾರಿ ಕುದುರೆ ಮೇಲೆ ಸುತ್ತಾಡಿ ಈ ಗೆರೆ ಗುರುತಿಸಿದರು. ಅದರ ಆಚೆ ಬೆಳೆಗೆ ಮಳೆ ನೆಚ್ಚಿಕೊಳ್ಳಬೇಡಿ ಎಂಬುದು ಅದರ ಅರ್ಥ. ಗೆರೆಯ ಹತ್ತಿರ ವರ್ಷಕ್ಕೆ ಸುಮಾರು 10 ಇಂಚು ಮಳೆ, ಅಷ್ಟೇ. ಆಮೇಲೆ ಒಂದಷ್ಟು ವರ್ಷ ಒಳ್ಳೆ ಮಳೆಯಾಯಿತು. ನೆಲ ಉತ್ತರೆ ಸಾಕು, ಮಳೆ ಹಿಂದೆಯೇ ಬರುತ್ತದೆ ಎಂದು ಜನ ನಂಬಿದರು. 1874ರಲ್ಲಿ ಸರ್ಕಾರವೂ ಗೆರೆಯ ಆಚೆ ಜಮೀನು ಬಿಟ್ಟುಕೊಟ್ಟಿತು. 1880ರ ದಶಕದಲ್ಲಿ ಮಳೆ ಕೈಕೊಟ್ಟಾಗ ಎಷ್ಟೋ ಮಂದಿ ಮನೆ ಬಿಟ್ಟು ಹೊರಟರು. ದಾರಿಯುದ್ದಕ್ಕೂ ಕಾಣುವ ಸೂರಿಲ್ಲದ ಕಲ್ಲಿನ ಮನೆಗಳಲ್ಲಿ ಎಷ್ಟೋ ಅವರವೇ. ಮಳೆ ನಂಬಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈ ದಾರಿಯಲ್ಲೇ ಕನ್ಯಾಕಾ ಇದೆ. ಇದು ರೈತರಿಗಿಂತ ಮೊದಲಿನ ಕಥೆ, 1850ರ ದಶಕದ ಆರಂಭದ ಕುರಿ ಸಾಕಣೆಯ ದೊಡ್ಡ ಎಸ್ಟೇಟ್. ಒಂದು ಕಾಲಕ್ಕೆ 70 ಕುಟುಂಬಗಳು ಇಲ್ಲಿದ್ದವಂತೆ. ಈಗ ಉಳಿದಿರುವುದು ಗೋಡೆ ಮಾತ್ರ. ಹತ್ತಿರ ಹೋಗಿ ನೋಡಿ: ಅಲ್ಲೇ ಸಿಕ್ಕ ಕಲ್ಲು, ಮೊಳದಷ್ಟು ದಪ್ಪ ಗೋಡೆ, ಬೆಂಕಿಗೂಡು ಹಾಗೇ ನಿಂತಿದೆ, ಕಿಟಕಿ ಇದ್ದ ಜಾಗದಲ್ಲಿ ಬರೀ ಆಕಾಶ. ಉಣ್ಣೆ ಕತ್ತರಿಸುತ್ತಿದ್ದ ಉದ್ದನೆಯ ಕಟ್ಟಡವನ್ನೂ ನೋಡದೆ ಬರಬೇಡಿ. ಈ ಎಸ್ಟೇಟ್ ಕಟ್ಟಿದ ಹ್ಯೂ ಪ್ರೋಬಿ ಸತ್ತಿದ್ದು ನೀರಿನಿಂದ. 1852ರಲ್ಲಿ ವಿಲೋಕ್ರಾ ಹಳ್ಳಕ್ಕೆ ದಿಢೀರನೆ ಪ್ರವಾಹ ಬಂದು ಕೊಚ್ಚಿಹೋದರು. ಆಗ ವಯಸ್ಸು 24. ಮುಂದೆ 1860ರ ದಶಕದ ಬರದಲ್ಲಿ ಅದೇ ಎಸ್ಟೇಟಿನ ಸಾವಿರಾರು ಕುರಿಗಳು ಸತ್ತವು.

ವಿಲ್ಪೀನಾ ಬಗ್ಗೆ ನಿಮಗೆ ಗೊತ್ತೇ ಇದೆ. ಅಲ್ಲಿನ ಮೂಲನಿವಾಸಿಗಳಾದ ಅದ್ನ್ಯಮಥನ ಜನರಿಗೆ ಅದು ಇಕಾರಾ. ಸೇಂಟ್ ಮೇರಿ ಶಿಖರದ ತುದಿ ಹತ್ತಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ, ದಯವಿಟ್ಟು ಆ ಮಾತಿಗೆ ಬೆಲೆ ಕೊಡಿ. ಬ್ರಚೀನಾ ಕಣಿವೆ ಕಲ್ಲುಮಣ್ಣಿನ ದಾರಿ, ಕ್ಯಾರವಾನನ್ನು ಕ್ಯಾಂಪ್‌ನಲ್ಲೇ ಬಿಟ್ಟು ಕಾರಿನಲ್ಲಿ ಹೋಗಿ.

ಸಮಯವಿದ್ದರೆ ಇನ್ನೂ ಉತ್ತರಕ್ಕೆ, ಲಿಂಡ್‌ಹರ್ಸ್ಟ್ ದಾಟಿ ಫರೀನಾಗೆ ಹೋಗಿ. ಗೋಧಿ ಬೆಳೆಯುವ ಆಸೆಯಿಂದ 1878ರಲ್ಲಿ ಕಟ್ಟಿದ ಊರು ಇದು. ಗೋಧಿ ಬೆಳೆಯಲಿಲ್ಲ, ಊರು ರೈಲು ಮತ್ತು ಒಂಟೆ ಸಾಗಣೆಯಿಂದ ಬದುಕಿತು. ಆ ಒಂಟೆಯವರನ್ನು ಅಫ್ಘನ್ನರು ಎನ್ನುತ್ತಿದ್ದರು, ಆದರೆ ಅವರಲ್ಲಿ ಅಂದಿನ ಬ್ರಿಟಿಷ್ ಇಂಡಿಯಾದವರೂ ಬಹಳ ಜನ. ಅವರ ಸಮಾಧಿಗಳು ಊರಿನ ಸ್ಮಶಾನದಲ್ಲಿವೆ. ನಾನು ಅಲ್ಲಿ ತುಂಬಾ ಹೊತ್ತು ನಿಂತಿದ್ದೆ. ಚಳಿಗಾಲದ ಕೆಲವು ವಾರ ಸ್ವಯಂಸೇವಕರು ಬಂದು ಗೋಡೆಗಳನ್ನು ರಿಪೇರಿ ಮಾಡುತ್ತಾರೆ, ನೆಲದಡಿಯ ಹಳೇ ಒಲೆಯಲ್ಲಿ ಬ್ರೆಡ್ ಸುಟ್ಟು ಮಾರುತ್ತಾರೆ. ಆ ವಾರಗಳನ್ನು ನೋಡಿಕೊಂಡು ಹೋದರೆ ಒಳ್ಳೆಯದು.

ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆ ಕಾಲ. ಬೇಸಿಗೆ (ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ) ಬೇಡವೇ ಬೇಡ, 40 ಡಿಗ್ರಿ ದಾಟುತ್ತದೆ. ಜುಲೈ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಹಿರಿಯರಿಗೆ ಎರಡೆರಡು ಕಂಬಳಿ ಇರಲಿ. ಬಾಡಿಗೆ ಕ್ಯಾರವಾನ್ ಆದರೆ ಮಣ್ಣು ರಸ್ತೆಗೆ ಒಪ್ಪಿಗೆ ಇದೆಯೇ ಎಂದು ಕರಾರು ಓದಿ. ಮುಸ್ಸಂಜೆಯೊಳಗೆ ಗಾಡಿ ನಿಲ್ಲಿಸಿ, ಆ ಹೊತ್ತಿಗೆ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ. ಒಣಗಿದ ಹಳ್ಳದ ಪಾತ್ರದಲ್ಲಿ ನೆರಳು ಚೆನ್ನಾಗಿದೆ ಎಂದು ಕ್ಯಾಂಪ್ ಹಾಕಬೇಡಿ. ಮೇಲೆಲ್ಲೋ ಮಳೆಯಾದರೂ ನೀರು ನುಗ್ಗುತ್ತದೆ, ಗಾಳಿಯಿಲ್ಲದಾಗಲೂ ರೆಡ್ ಗಮ್ (ನೀಲಗಿರಿ ಜಾತಿಯ) ಮರದ ಕೊಂಬೆ ಮುರಿದು ಬೀಳುತ್ತದೆ.